ಹೊಲಿಗೆ ಕೆಟ್ಟುದೇಕೆ?

ಉತ್ತರ ಕರ್ನಾಟಕದ ಹಳ್ಳಿಯ ಮನೆಗಳಲ್ಲಿ ಕೌದಿಯನ್ನು ಹೊದೆಯದೆ ಚಳಿಗಾಲವನ್ನು ಕಳೆದವರು ವಿರಳ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಗೆ ಹಾಕಿದರೆ ಕೌದಿ ಸಿದ್ಧವಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಇದನ್ನೇ ಅಂಚಿನಿಂದ ಆರಂಭಿಸಿ, ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಹೋಗುತ್ತಾರೆ. ಅವರಲ್ಲಿ ಅದಕ್ಕೆ ಕವಂದಿ ಎಂದು ಹೆಸರು. ಎರಡರಲ್ಲಿಯೂ ಸೂಜಿ ಒಂದೇ, ನೂಲೂ ಒಂದೇ. ಸೂಜಿ ಕೆಳಕ್ಕಿಳಿದು ಮೇಲಕ್ಕೆ ಬರುವಾಗ ಪ್ರತಿಯೊಂದು ಹೊಲಿಗೆಯೂ ಹೊಲಿಯುವವಳ ಬೆರಳಿಗೆ ತಿಳಿಯುತ್ತದೆ. ತಪ್ಪಿದರೆ ಆ ಕ್ಷಣದಲ್ಲೇ ತಿದ್ದಿಕೊಳ್ಳಬಹುದು.

ಕೌದಿಯ ದೂರದ ಬಂಧುವೆನ್ನಬಹುದಾದ ‘ಕ್ವಿಲ್ಟ್’ ಎಂಬ ಹೊದಿಕೆ ಅಮೆರಿಕದ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದಕ್ಕೆ ಮೂರು ಪದರಗಳು: ಬಣ್ಣದ ತುಂಡುಗಳನ್ನು ಕೂಡಿಸಿ ಮಾಡಿದ ಮೇಲುಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಗೆ ಅಸ್ತರು. ಮೇಲುಬಟ್ಟೆಯನ್ನು ಸಿದ್ಧಪಡಿಸಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಅನಂತರ ಮೂರು ಪದರಗಳನ್ನೂ ಒಂದುಗೂಡಿಸುವ ಹೊಲಿಗೆಯನ್ನು ಹಿಂದೆ ಕೈಯಿಂದಲೇ ಹಾಕುತ್ತಿದ್ದರು. 1980ರ ದಶಕದಿಂದೀಚೆಗೆ ಈ ಕೆಲಸಕ್ಕಾಗಿ ಅಲ್ಲಿನ ಮನೆಗಳಿಗೂ ಸಣ್ಣ ಕಾರ್ಯಾಗಾರಗಳಿಗೂ ಒಂದು ವಿಶೇಷ ಯಂತ್ರವು ಬಂದಿದೆ. ಅದರ ಹೆಸರು ‘ಲಾಂಗ್ ಆರ್ಮ್’, ಎಂದರೆ ನೀಳತೋಳಿನ ಯಂತ್ರ.

ಈ ಯಂತ್ರವು ನಿಮಿಷಕ್ಕೆ 1500 ಹೊಲಿಗೆಗಳನ್ನು ಹಾಕುತ್ತಿದೆಯೆಂದು ಇಟ್ಟುಕೊಳ್ಳೋಣ. ಅಂಗುಲಕ್ಕೆ 10 ಹೊಲಿಗೆಯಂತೆ ಒಂದು ನಿಮಿಷದಲ್ಲಿ 150 ಅಂಗುಲ, ಅಂದರೆ ಹನ್ನೆರಡೂವರೆ ಅಡಿ ಹೊಲಿಗೆಯಾಗುವುದು. ಹೊಲಿಯುವವನ ಕಣ್ಣಿಗೆ ಕಾಣುವುದು ಮೇಲ್ಮೈ ಮಾತ್ರ. ಅಲ್ಲಿ ಎಲ್ಲವೂ ಅಂದವಾಗಿಯೇ ಇದ್ದು, ಅಸ್ತರಿನ ಕಡೆ ನೂಲು ಗೋಜಲಾಗುತ್ತಿದ್ದರೆ? ನಿಲ್ಲದೆ ಅರ್ಧ ಗಂಟೆ ಹೊಲಿದ ಮೇಲೆ ಅದು ಗೊತ್ತಾದರೆ, ಬಿಚ್ಚಬೇಕಾದ ಹೊಲಿಗೆಗಳು 45,000! ಬಿಚ್ಚಿದರೂ ಒತ್ತಾಗಿ ನೆಯ್ದ ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದುಕೊಳ್ಳಬಹುದು. ಮೇಲುಬಟ್ಟೆಯು ತೀರಿಕೊಂಡ ಅಜ್ಜಿಯ ಉಡುಪುಗಳಿಂದ ಮಾಡಿದ್ದಾದರೆ, ಅದನ್ನು ಮತ್ತೆ ಅಂಗಡಿಯಿಂದ ತರುವಂತಿಲ್ಲ. ಆದುದರಿಂದ ಹೊಲಿಗೆ ಏಕೆ ಕೆಡುತ್ತದೆ ಎಂಬ ಪ್ರಶ್ನೆ ಇಲ್ಲಿ ಕೇವಲ ಕುತೂಹಲದ್ದಲ್ಲ. ಅದಕ್ಕೆ ಉತ್ತರವನ್ನು ಹುಡುಕಹೊರಟರೆ, ಶಾಲೆಯಲ್ಲಿ ಓದಿದ ಯಂತ್ರಶಾಸ್ತ್ರದ ಹಲವು ತತ್ತ್ವಗಳು ಒಂದು ಸೂಜಿಯ ತುದಿಯಲ್ಲಿ ನಮಗೆ ದೊರೆಯುತ್ತವೆ.

ನಿಂತ ಬಟ್ಟೆ, ಓಡುವ ಯಂತ್ರ

ನಮ್ಮ ದರ್ಜಿಯ ಯಂತ್ರದಲ್ಲಿ ಯಂತ್ರವು ನಿಂತಿರುತ್ತದೆ, ಬಟ್ಟೆ ಚಲಿಸುತ್ತದೆ. ಸೂಜಿಯ ಕೆಳಗೆ ಹಲ್ಲುಗಳಿರುವ ಒಂದು ಪಟ್ಟಿ ಇದೆ. ಅದು ಮೇಲೆದ್ದು, ಬಟ್ಟೆಯನ್ನು ಹಿಂದಕ್ಕೆ ತಳ್ಳಿ, ಕೆಳಗಿಳಿದು, ಮತ್ತೆ ಮೊದಲಿನ ಸ್ಥಳಕ್ಕೆ ಮರಳುತ್ತದೆ. ಈ ನಾಲ್ಕು ನಡೆಯ ಯುಕ್ತಿಗೆ ಅಮೆರಿಕದ ಆಲೆನ್ ಬಿ. ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದನು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಸೂಜಿ ಬಟ್ಟೆಯೊಳಗೆ ಇರುವಾಗ ಬಟ್ಟೆ ಕದಲುವುದಿಲ್ಲ, ಸೂಜಿ ಹೊರಬಂದ ಮೇಲೆಯೇ ಅದು ಮುಂದೆ ಸರಿಯುತ್ತದೆ.

ನೀಳತೋಳಿನ ಯಂತ್ರದಲ್ಲಿ ಈ ಏರ್ಪಾಡು ತಲೆಕೆಳಗಾಗಿದೆ. ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿನ ಉರುಳೆಗಳಿಗೆ ಮೂರು ಪದರಗಳನ್ನೂ ಬಿಗಿದಿರುತ್ತಾರೆ. ಬಟ್ಟೆ ಅಲುಗುವುದಿಲ್ಲ. ಯಂತ್ರವೇ ಗಾಲಿಗಳ ಮೇಲೆ, ಹಳಿಗಳ ಉದ್ದಕ್ಕೂ ಅಡ್ಡಕ್ಕೂ ಓಡಾಡುತ್ತದೆ. ಹೊಲಿಯುವವರು ಅದರ ಎರಡು ಹಿಡಿಗಳನ್ನು ಹಿಡಿದು, ಕಾಗದದ ಮೇಲೆ ಪೆನ್ಸಿಲು ಆಡಿಸಿದಂತೆ, ಬಳ್ಳಿ ಹೂಗಳನ್ನು ಬಟ್ಟೆಯ ಮೇಲೆ ಬರೆಯುತ್ತಾರೆ. ಯಂತ್ರದ ತೋಳಿನ ಒಳಗಡೆ ಹದಿನೆಂಟರಿಂದ ಮೂವತ್ತು ಅಂಗುಲದವರೆಗೆ ಸ್ಥಳಾವಕಾಶವಿರುವುದರಿಂದಲೇ ಅದಕ್ಕೆ ಆ ಹೆಸರು.

ಇಲ್ಲಿ ಹಲ್ಲಿನ ಪಟ್ಟಿ ಇಲ್ಲ. ಸೂಜಿ ಹೊರಬರುವವರೆಗೆ ಕೈ ಕಾಯುವುದೂ ಇಲ್ಲ. ಸೂಜಿಯು ಬಟ್ಟೆಯೊಳಗೆ ಇರುವಾಗಲೂ ಯಂತ್ರವು ಮುಂದೆ ಸಾಗುತ್ತಲೇ ಇರುತ್ತದೆ. ನೀಳತೋಳಿನ ಯಂತ್ರಕ್ಕೇ ವಿಶಿಷ್ಟವಾದ ಅನೇಕ ತೊಂದರೆಗಳ ಬೀಜ ಇಲ್ಲಿಯೇ ಇದೆ.

ಎರಡು ನೂಲುಗಳ ಬೀಗ

ತೊಂದರೆಗಳನ್ನು ನೋಡುವ ಮೊದಲು ಯಂತ್ರದ ಹೊಲಿಗೆ ಆಗುವ ಬಗೆಯನ್ನು ತಿಳಿಯಬೇಕು. ತುದಿಯ ಬಳಿ ಕಣ್ಣುಳ್ಳ ಸೂಜಿಯನ್ನೂ ಎರಡನೆಯ ನೂಲನ್ನು ಒಯ್ಯುವ ಲಾಳಿಯನ್ನೂ ಬಳಸಿ ಎಲಿಯಸ್ ಹೋವ್ ಎಂಬಾತನು ರಚಿಸಿದ ಯಂತ್ರಕ್ಕೆ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಲಾಳಿಗೆ ಬದಲಾಗಿ ದುಂಡಗೆ ತಿರುಗುವ ಕೊಕ್ಕೆಯನ್ನು 1851ರಲ್ಲಿ ತಂದವನು ಮೇಲೆ ಹೇಳಿದ ವಿಲ್ಸನ್ನನೇ. ನೀಳತೋಳಿನ ಯಂತ್ರಗಳಲ್ಲಿ ಇಂದಿಗೂ ಇರುವುದು ತಿರುಗುವ ಕೊಕ್ಕೆಯೇ.

ಸೂಜಿ ಮೇಲುನೂಲನ್ನು ಹೊತ್ತು ಬಟ್ಟೆಯನ್ನು ತೂರಿ ಕೆಳಕ್ಕೆ ಹೋಗುತ್ತದೆ. ತೀರ ಕೆಳಗೆ ಮುಟ್ಟಿ, ಎರಡು ಮಿಲಿಮೀಟರಿನಷ್ಟು ಮೇಲಕ್ಕೆ ಹಿಂತಿರುಗುತ್ತಲೇ ಒಂದು ಚಮತ್ಕಾರವಾಗುವುದು. ಸೂಜಿಯ ಒಂದು ಮಗ್ಗುಲಲ್ಲಿ ನೂಲು ಅಡಗಿಕೊಳ್ಳಲು ಉದ್ದವಾದ ತೋಡು ಇದೆ. ಅಲ್ಲಿ ನೂಲು ಸರಾಗವಾಗಿ ಜಾರುತ್ತದೆ. ಇನ್ನೊಂದು ಮಗ್ಗುಲಲ್ಲಿ ನೂಲು ಸೂಜಿಗೂ ಬಟ್ಟೆಗೂ ನಡುವೆ ಸಿಕ್ಕಿ ತಡೆಯಲ್ಪಡುತ್ತದೆ. ಸೂಜಿ ಮೇಲೇರುತ್ತದೆ, ಆ ಮಗ್ಗುಲಿನ ನೂಲು ಏರಲಾರದು. ಆಗ ಅದು ಹೊರಕ್ಕೆ ಉಬ್ಬಿ ಒಂದು ಚಿಕ್ಕ ಕುಣಿಕೆಯಾಗುತ್ತದೆ. ಅದೇ ಕ್ಷಣಕ್ಕೆ ಕೊಕ್ಕೆಯ ಮೊನೆ ಬಂದು ಕುಣಿಕೆಯೊಳಗೆ ನುಗ್ಗಿ, ಅದನ್ನು ಹಿಗ್ಗಿಸಿ, ಕೆಳನೂಲನ್ನು ಸುತ್ತಿಟ್ಟಿರುವ ಬಾಬಿನ್ನಿನ ಸುತ್ತ ದಾಟಿಸುತ್ತದೆ. ಅನಂತರ ಮೇಲೆ ಇರುವ ಸನ್ನೆಯೊಂದು ನೂಲನ್ನು ಮೇಲಕ್ಕೆ ಜಗ್ಗಿ ಗಂಟನ್ನು ಬಿಗಿಯುತ್ತದೆ. ಹೀಗೆ ಎರಡು ನೂಲುಗಳೂ ಒಂದಕ್ಕೊಂದು ಬೀಗ ಹಾಕಿಕೊಳ್ಳುತ್ತವೆ.

ಇದೆಲ್ಲವೂ ಒಂದು ಸೆಕೆಂಡಿನಲ್ಲಿ ಇಪ್ಪತ್ತೈದು ಸಲ! ಕೊಕ್ಕೆಯ ಮೊನೆಗೂ ಸೂಜಿಗೂ ನಡುವೆ ಇರುವ ಅಂತರ ಒಂದು ಹಾಳೆ ಕಾಗದದ ದಪ್ಪದಷ್ಟು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹೊಲಿಗೆ ಕೆಟ್ಟಿತೆಂದು ಯಾರೂ ಆಶ್ಚರ್ಯಪಡಲಾರರು. ಕೆಡದೆ ಇರುವುದೇ ಆಶ್ಚರ್ಯ.

ಹಗ್ಗಜಗ್ಗಾಟ

ಬೀಗ ಬೀಳಬೇಕಾದ ಸ್ಥಳ ಯಾವುದು? ಬಟ್ಟೆಯ ನಡುವೆ, ಹತ್ತಿಯ ಹಾಸಿನೊಳಗೆ. ಮೇಲುನೂಲು ಬೀಗವನ್ನು ಮೇಲಕ್ಕೆ ಎಳೆಯುತ್ತದೆ, ಕೆಳನೂಲು ಕೆಳಕ್ಕೆ ಎಳೆಯುತ್ತದೆ. ಹಗ್ಗಜಗ್ಗಾಟದಲ್ಲಿ ಎರಡು ಪಕ್ಷಗಳೂ ಸಮಬಲವಾದರೆ ನಡುವಿನ ಗುರುತು ಅಲುಗದು. ಇಲ್ಲಿಯೂ ಹಾಗೆಯೇ. ಬಟ್ಟೆಯ ಮೇಲೆ ಕೆಳನೂಲಿನ ಚುಕ್ಕೆಗಳು ಕಂಡರೆ ಮೇಲಿನ ಪಕ್ಷ ಗೆದ್ದಿದೆ. ಅಸ್ತರಿನ ಕಡೆ ಕೆಳನೂಲು ತಂತಿಯಂತೆ ನೇರವಾಗಿ ಮಲಗಿದ್ದು, ಅದರ ಮೇಲೆ ಮೇಲುನೂಲಿನ ಕುಣಿಕೆಗಳು ಎದ್ದು ಕಾಣುತ್ತಿದ್ದರೆ ಕೆಳಗಿನ ಪಕ್ಷ ಗೆದ್ದಿದೆ. ಮೇಲೆ ಕೆಂಪು, ಕೆಳಗೆ ಬಿಳಿ ನೂಲನ್ನು ಹಾಕಿ ಒಂದು ಚೂರು ಬಟ್ಟೆಯ ಮೇಲೆ ಹೊಲಿದುನೋಡಿದರೆ ಈ ತೀರ್ಪು ತಕ್ಷಣ ತಿಳಿಯುವುದು.

ಇಲ್ಲಿ ಹೊಸಬರು ಮಾಡುವ ತಪ್ಪು ಒಂದು. ಗೆದ್ದ ಪಕ್ಷ ಯಾವುದೆಂದು ಮಾತ್ರ ನೋಡುತ್ತಾರೆ. ಅದು ಬಲವಾದುದರಿಂದ ಗೆದ್ದಿತೇ, ಎದುರುಪಕ್ಷ ದುರ್ಬಲವಾದುದರಿಂದ ಗೆದ್ದಿತೇ ಎಂದು ವಿಚಾರಿಸುವುದಿಲ್ಲ. ಕೆಳಗೆ ಸಡಿಲವಾದುದನ್ನು ಮೇಲೆ ಸಡಿಲಿಸಿ ಸರಿದೂಗಿಸಿದರೆ ಗುರುತು ನಡುವೆ ಬರುವುದೇನೋ ನಿಜ. ಆದರೆ ಇಡೀ ಹೊಲಿಗೆ ಜೊಳ್ಳಾಗುತ್ತದೆ. ಎರಡನ್ನೂ ಬಿಗಿದರೆ ನೂಲು ಹರಿಯುತ್ತದೆ. ಆದುದರಿಂದ ಮೊದಲು ಒಂದು ಪಕ್ಷವನ್ನು ಸ್ಥಿರಪಡಿಸಬೇಕು. ನೂಲು ತುಂಬಿದ ಬಾಬಿನ್ನನ್ನು ಅದರ ಡಬ್ಬಿಯಲ್ಲಿಟ್ಟು, ನೂಲಿನ ತುದಿಯನ್ನು ಹಿಡಿದು ತೂಗುಬಿಡಿ. ಡಬ್ಬಿ ತಾನಾಗಿ ಸರ್ರನೆ ಇಳಿದರೆ ಬಿಗಿತ ಸಾಲದು. ಕೈಯನ್ನು ತುಸು ಜಾಡಿಸಿದರೂ ಇಳಿಯದಿದ್ದರೆ ಬಿಗಿತ ಹೆಚ್ಚು. ಜಾಡಿಸಿದಾಗ ಸ್ವಲ್ಪ ಇಳಿದು ನಿಂತರೆ ಬಹುಮಟ್ಟಿಗೆ ಸರಿ. ಡಬ್ಬಿಯ ತೂಕವೇ ಇಲ್ಲಿ ನಮಗೆ ಅಳತೆಗೋಲು. ಇದನ್ನು ಸರಿಪಡಿಸಿಕೊಂಡ ಬಳಿಕ ಮೇಲಿನ ತಿರುಪನ್ನು ಮಾತ್ರ ಹೊಂದಿಸುತ್ತ ಹೋಗಬೇಕು.

ಮೇಲುನೂಲಿನ ದಾರಿ ದೀರ್ಘವಾದುದು. ಅದು ಹಲವು ತೂತು, ಕೊಂಡಿ, ಬಿಲ್ಲೆಗಳನ್ನು ಬಳಸಿ ಬರುತ್ತದೆ. ತಿಣುಕುವ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಒಬ್ಬ ಹುಡುಗನೂ ಅದನ್ನು ತಡೆದು ನಿಲ್ಲಿಸಬಲ್ಲ. ಏಕೆಂದರೆ ಪ್ರತಿಯೊಂದು ಸುತ್ತಿನಲ್ಲಿಯೂ ಘರ್ಷಣೆಯಿಂದ ಬಿಗಿತವು ಕೂಡುವುದಿಲ್ಲ, ಗುಣಿಸಲ್ಪಡುತ್ತದೆ. ನೂಲಿಗೂ ಇದೇ ನಿಯಮ. ಆದಕಾರಣ ಪೋಣಿಸುವಾಗ ಒಂದೇ ಒಂದು ತೂತನ್ನು ಮರೆತರೂ ಬಿಗಿತದಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುವುದು. ತಿರುಪಿಗೆ ಕೈಹಾಕುವ ಮುನ್ನ ನೂಲನ್ನು ಪೂರ್ತಿ ತೆಗೆದು ಮತ್ತೊಮ್ಮೆ ಪೋಣಿಸಬೇಕೆಂದು ಅನುಭವಿಗಳು ಹೇಳುವುದಕ್ಕೆ ಇದೇ ಕಾರಣ. ಬಿಲ್ಲೆಗಳ ನಡುವೆ ಸಿಕ್ಕಿದ ನೂಲಿನ ಜುಂಗೂ ಇದೇ ಬಗೆಯ ಕೇಡನ್ನು ಮಾಡಬಲ್ಲುದು.

ಬಾಗುವ ಸೂಜಿ

ಸೂಜಿ ಬಟ್ಟೆಯಲ್ಲಿರುವಾಗಲೂ ಯಂತ್ರವು ಸಾಗುತ್ತಿರುತ್ತದೆಯಷ್ಟೆ. ಎಷ್ಟು ದೂರ? ಅಂಗುಲಕ್ಕೆ 10 ಹೊಲಿಗೆಯೆಂದರೆ ಒಂದು ಹೊಲಿಗೆಯ ಉದ್ದ ಸುಮಾರು ಎರಡೂವರೆ ಮಿಲಿಮೀಟರು. ಪ್ರತಿ ಹೊಲಿಗೆಯ ಕಾಲದಲ್ಲಿ ಸುಮಾರು ಅರ್ಧದಷ್ಟು ಹೊತ್ತು ಸೂಜಿ ಬಟ್ಟೆಯಲ್ಲಿರುವುದೆಂದು ಇಟ್ಟುಕೊಂಡರೆ, ಅಷ್ಟರಲ್ಲಿ ಯಂತ್ರವು ಒಂದೂಕಾಲು ಮಿಲಿಮೀಟರು ಮುಂದೆ ಹೋಗಿರುತ್ತದೆ. ಬಟ್ಟೆಯಲ್ಲಿ ಸಿಕ್ಕಿದ ಸೂಜಿಯು ಇದನ್ನು ಹೇಗೋ ಸಹಿಸಬೇಕು. ಬಟ್ಟೆ ಸ್ವಲ್ಪ ಜಗ್ಗುತ್ತದೆ, ಸೂಜಿ ಸ್ವಲ್ಪ ಬಾಗುತ್ತದೆ. ಕೊಕ್ಕೆಗೂ ಸೂಜಿಗೂ ಕಾಗದದಷ್ಟೇ ಅಂತರವಿರುವಾಗ ಈ ‘ಸ್ವಲ್ಪ’ ಎಂಬುದು ಸ್ವಲ್ಪವಲ್ಲ. ಸೂಜಿ ಕೊಕ್ಕೆಯಿಂದ ದೂರಕ್ಕೆ ಬಾಗಿದರೆ ಮೊನೆಗೆ ಕುಣಿಕೆ ಸಿಕ್ಕದೆ ಹೊಲಿಗೆ ತಪ್ಪುತ್ತದೆ. ಕೊಕ್ಕೆಯ ಕಡೆಗೆ ಬಾಗಿದರೆ ಮೊನೆಯು ನೂಲನ್ನೋ ಸೂಜಿಯನ್ನೋ ಉಜ್ಜುತ್ತದೆ.

ಇದರಿಂದ ನಮಗೆ ಒಂದು ಅಮೂಲ್ಯವಾದ ಸುಳಿವು ದೊರೆಯುತ್ತದೆ. ಎಡಕ್ಕೆ ಹೋಗುವಾಗ ಹೊಲಿಗೆ ಸರಿಯಾಗಿದ್ದು, ಬಲಕ್ಕೆ ಹೋಗುವಾಗ ಮಾತ್ರ ತಪ್ಪುತ್ತಿದ್ದರೆ, ದೋಷ ನೂಲಿನದೆಂದು ಹೇಳುವುದು ಕಷ್ಟ. ನೂಲಿಗೆ ದಿಕ್ಕು ತಿಳಿಯದು. ದಿಕ್ಕಿಗೆ ತಕ್ಕಂತೆ ಬದಲಾಗುವುದು ಸೂಜಿಯ ಬಾಗು. ಆಗ ಪರೀಕ್ಷಿಸಬೇಕಾದುದು ಸೂಜಿ, ಅದನ್ನು ಕೂರಿಸಿರುವ ರೀತಿ, ಹಾಗೂ ಕೈಯ ವೇಗ. ಮನೆಯ ಯಂತ್ರದ ಸೂಜಿಗೆ ಬುಡದಲ್ಲಿ ಒಂದು ಕಡೆ ಚಪ್ಪಟೆ ಇರುವುದರಿಂದ ಅದನ್ನು ತಪ್ಪಾಗಿ ಕೂರಿಸುವುದು ಕಷ್ಟ. ನೀಳತೋಳಿನ ಯಂತ್ರಗಳಲ್ಲಿ ಬಹುಪಾಲಿಗೆ ಬುಡವು ಸಂಪೂರ್ಣ ಗುಂಡಾದ ಸೂಜಿ. ಕಣ್ಣಿನ ಹಿಂದಿನ ಕಚ್ಚು ಕೊಕ್ಕೆಯ ಕಡೆಗೆ ಸರಿಯಾಗಿ ಮುಖಮಾಡದಂತೆ, ತುಸು ತಿರುಗಿ ಕೂತಿದ್ದರೂ ಹೊಲಿಗೆ ತಪ್ಪಬಹುದು.

ಸೂಜಿಯ ದಪ್ಪವನ್ನು ಹೆಚ್ಚಿಸಿದರೆ? ಸೂಜಿಯ ಮೇಲಿನ 100, 110 ಮುಂತಾದ ಅಂಕಿಗಳು ಅದರ ದಪ್ಪವನ್ನು ಮಿಲಿಮೀಟರಿನ ನೂರನೆಯ ಅಂಶಗಳಲ್ಲಿ ಸೂಚಿಸುತ್ತವೆ. 100ರ ಸೂಜಿ ಒಂದು ಮಿಲಿಮೀಟರು, 110ರದು 1.1 ಮಿಲಿಮೀಟರು. ವ್ಯತ್ಯಾಸ ಹತ್ತನೆಯ ಒಂದು ಪಾಲು ಮಾತ್ರ. ಆದರೆ ಗುಂಡಾದ ಸರಳು ಬಾಗುವಿಕೆಯನ್ನು ತಡೆಯುವ ಶಕ್ತಿಯು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 1.1ನ್ನು ನಾಲ್ಕು ಸಲ ಗುಣಿಸಿದರೆ 1.46 ಬರುತ್ತದೆ. ಅಂದರೆ ಹತ್ತರಷ್ಟು ದಪ್ಪ ಹೆಚ್ಚಿದರೆ ಬಿರುಸು ನೂರಕ್ಕೆ ನಾಲ್ವತ್ತಾರರಷ್ಟು ಹೆಚ್ಚುತ್ತದೆ! ಅನೇಕ ಹೊಲಿಗೆಗಳು ಒಂದೆಡೆ ಕೂಡುವ ದಪ್ಪವಾದ ಸಂದುಗಳಲ್ಲಿ ಹೊಲಿಗೆ ತಪ್ಪಿದಾಗ, ಒಂದು ಅಳತೆ ದೊಡ್ಡ ಸೂಜಿ ಹಾಕಿದರೆ ಗುಣ ಕಾಣುವುದು ಈ ಗಣಿತದಿಂದಲೇ. ಇದಕ್ಕೆ ತೆರಬೇಕಾದ ಬೆಲೆ, ಬಟ್ಟೆಯಲ್ಲಿ ತುಸು ದೊಡ್ಡ ತೂತು.

ಬಳ್ಳಿಯ ತಿರುವುಗಳಲ್ಲಿ ಅಸ್ತರಿನ ಕಡೆ ಮೇಲುನೂಲಿನ ಸಣ್ಣಸಣ್ಣ ಕುಣಿಕೆಗಳು ಸಾಲಾಗಿ ಏಳುವುದುಂಟು. ಅಮೆರಿಕದ ಹೊಲಿಗೆಯವರು ಇವುಗಳಿಗೆ ‘ರೆಪ್ಪೆಗೂದಲು’ ಎಂದೇ ಹೆಸರಿಟ್ಟಿದ್ದಾರೆ. ನೇರವಾದ ಗೆರೆಯಲ್ಲಿ ಹೇಗೋ ಸಾಗುತ್ತಿದ್ದ ಸಡಿಲ ಮೇಲುನೂಲು, ಕೈ ವೇಗವಾಗಿ ತಿರುಗಿದ ಕೂಡಲೆ ಸೋಲುತ್ತದೆ. ತಿರುವಿನಲ್ಲಿ ಕೈಯನ್ನು ನಿಧಾನಿಸುವುದು, ಮೇಲಿನ ಬಿಗಿತವನ್ನು ಸ್ವಲ್ಪ ಹೆಚ್ಚಿಸುವುದು: ಇವೆರಡೇ ಬಹಳ ಮಟ್ಟಿಗೆ ಸಾಕಾಗುತ್ತವೆ.

ನೂಲು ಹರಿಯುವುದೇಕೆ?

ಅಂಗಡಿಯಿಂದ ತಂದ ನೂಲು ಸೂಜಿಯ ಕಣ್ಣನ್ನು ಒಂದೇ ಸಲ ದಾಟಿ ಬಟ್ಟೆಯನ್ನು ಸೇರುವುದೆಂದು ನಾವು ತಿಳಿದಿರುತ್ತೇವೆ. ಇದು ನಿಜವಲ್ಲ. ಕುಣಿಕೆಯು ಬಾಬಿನ್ನನ್ನು ಸುತ್ತಿ ಬರಬೇಕಾದರೆ ಸುಮಾರು 8 ಸೆಂಟಿಮೀಟರು ನೂಲು ಕೆಳಕ್ಕೆ ಬೇಕು. ಆದರೆ ಒಂದು ಹೊಲಿಗೆಯಲ್ಲಿ ವಾಸ್ತವವಾಗಿ ಖರ್ಚಾಗುವ ನೂಲು ಸುಮಾರು 4 ಮಿಲಿಮೀಟರು ಮಾತ್ರ. ಉಳಿದುದೆಲ್ಲ ಮತ್ತೆ ಮೇಲಕ್ಕೆ ಹೋಗುತ್ತದೆ. 80ನ್ನು 4ರಿಂದ ಭಾಗಿಸಿದರೆ 20. ಎಂದರೆ ನೂಲಿನ ಒಂದೊಂದು ಭಾಗವೂ ಬಟ್ಟೆಯಲ್ಲಿ ನೆಲೆಗೊಳ್ಳುವ ಮುನ್ನ ಸೂಜಿಯ ಕಣ್ಣಿನಲ್ಲಿ ಇಪ್ಪತ್ತು ಸಲ ಇಳಿದು, ಇಪ್ಪತ್ತು ಸಲ ಏರುತ್ತದೆ. ಕಣ್ಣು ಚಿಕ್ಕದಾದರೆ, ಅದರ ಅಂಚು ಒರಟಾದರೆ, ನೂಲು ಹಳೆಯದಾಗಿ ಶಕ್ತಿಗುಂದಿದ್ದರೆ ನಲವತ್ತು ಸಲದ ಈ ಉಜ್ಜಾಟವನ್ನು ಅದು ಹೇಗೆ ತಾಳೀತು?

ಹರಿದ ತುದಿಯನ್ನು ಎಸೆಯದೆ ನೋಡಬೇಕು. ತುದಿಯು ಕುಂಚದಂತೆ ಬಿಡಿಬಿಡಿಯಾಗಿದ್ದರೆ ಸಾಮಾನ್ಯವಾಗಿ ಎಲ್ಲಿಯೋ ಉಜ್ಜುತ್ತಿದೆಯೆಂದು ಅರ್ಥ. ಮೊದಲು ಸೂಜಿಯನ್ನು ಬದಲಿಸಬೇಕು. ಅನಂತರ ಸೂಜಿ ಇಳಿಯುವ ತಗಡಿನ ತೂತು, ಕೊಕ್ಕೆಯ ಮೊನೆ ಇವುಗಳ ಮೇಲೆ ಒಂದಿಷ್ಟು ಅರಳೆಯನ್ನು ಸವರಬೇಕು. ಕಣ್ಣಿಗೆ ಕಾಣದ ಮುಳ್ಳು ಅರಳೆಯ ಎಳೆಯನ್ನು ಹಿಡಿದುಕೊಂಡು ತನ್ನನ್ನು ತಾನೇ ತೋರಿಸಿಕೊಡುತ್ತದೆ. ತುದಿಯು ಕತ್ತರಿಸಿದಂತೆ ಚೊಕ್ಕಟವಾಗಿದ್ದರೆ, ಅತಿಯಾದ ಬಿಗಿತವೋ ಕೊಕ್ಕೆಯ ಹೊಡೆತವೋ ಕಾರಣವಾಗಿರಬಹುದು.

ಚೌಕಟ್ಟಿನ ಹದ

ಕುಣಿಕೆ ಹುಟ್ಟುವುದು ಬಟ್ಟೆ ನಿಂತು, ಸೂಜಿ ಏರುವುದರಿಂದ ಎಂದು ನೋಡಿದೆವು. ಚೌಕಟ್ಟಿನಲ್ಲಿ ಬಟ್ಟೆ ಜೋಲುತ್ತಿದ್ದರೆ ಅದು ಸೂಜಿಯೊಡನೆಯೇ ಮೇಲೇಳುತ್ತದೆ. ಕುಣಿಕೆ ಹುಟ್ಟುವುದಿಲ್ಲ, ಹೊಲಿಗೆ ತಪ್ಪುತ್ತದೆ. ಹಾಗೆಂದು ತಮಟೆಯ ಚರ್ಮದಂತೆ ಬಿಗಿದರೆ ಬಟ್ಟೆ ತಾನು ಜಗ್ಗದೆ ಸೂಜಿಯನ್ನೇ ಬಾಗಿಸುತ್ತದೆ. ಹದವನ್ನು ತಿಳಿಯಲು ಸುಲಭವಾದ ಉಪಾಯವಿದೆ. ಕೆಳಗಿನಿಂದ ಒಂದು ಬೆರಳನ್ನು ಒತ್ತಿದರೆ, ಮೇಲಿನ ಕೈ ಆ ಬೆರಳಿನ ತುದಿಯನ್ನು ಬಟ್ಟೆಯ ಸಮೇತ ಹಿಡಿಯುವಂತಿರಬೇಕು.

ಅಸ್ತರಿನಲ್ಲಿ ನಿರಿಗೆ ಬೀಳುವುದಕ್ಕೆ ಹಲವು ವೇಳೆ ಯಂತ್ರವು ಕಾರಣವೇ ಅಲ್ಲ. ಅಸ್ತರನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕತ್ತರಿಸದಿದ್ದರೆ ಉರುಳೆಗೆ ಸುತ್ತುವಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾಗುತ್ತದೆ. ಅಸ್ತರು ನಾಲ್ಕು ಕಡೆಯೂ ಮೇಲುಬಟ್ಟೆಗಿಂತ ನಾಲ್ಕು ಅಂಗುಲದಷ್ಟು ದೊಡ್ಡದಾಗಿರುವುದು ಒಳ್ಳೆಯದು. ಉರುಳೆಯನ್ನು ತಿರುಗಿಸಿ ಹೊಸ ಭಾಗವನ್ನು ತಂದಾಗಲೆಲ್ಲ ಅಂಗೈಯನ್ನು ಕೆಳಗೆ ತೂರಿಸಿ ಒಮ್ಮೆ ಸವರಿದರೆ, ನಿರಿಗೆಯು ಹೊಲಿಗೆಗೆ ಸಿಕ್ಕುವ ಮೊದಲೇ ಕೈಗೆ ಸಿಕ್ಕುತ್ತದೆ.

ಲೆಕ್ಕ ತಪ್ಪಿದ ಗಾಲಿ

ಹೊಲಿಗೆಯ ಉದ್ದವೆಂದರೆ ಕೈಯ ವೇಗವನ್ನು ಸೂಜಿಯ ವೇಗದಿಂದ ಭಾಗಿಸಿದಾಗ ಬರುವ ಲಬ್ಧ. ಸೂಜಿಯ ವೇಗ ಒಂದೇ ಸಮನಾಗಿದ್ದು ಕೈ ನಿಧಾನವಾದರೆ ಹೊಲಿಗೆಗಳು ಗುಂಪುಗೂಡುತ್ತವೆ, ಕೈ ಓಡಿದರೆ ಹಾರಾಡುತ್ತವೆ. ಇದನ್ನು ತಪ್ಪಿಸಲು ಅನೇಕ ಯಂತ್ರಗಳಲ್ಲಿ ಒಂದು ನಿಯಂತ್ರಕವಿದೆ. ಹಳಿಗೆ ತಾಗಿ ಉರುಳುವ ಪುಟ್ಟ ಗಾಲಿಗಳು ಯಂತ್ರವು ಚಲಿಸಿದ ದೂರವನ್ನು ವಿದ್ಯುತ್ ಸಂಕೇತಗಳಾಗಿ ಎಣಿಸಿಕೊಡುತ್ತವೆ. ಇಷ್ಟು ದೂರಕ್ಕೆ ಒಂದು ಹೊಲಿಗೆಯೆಂದು ಮೋಟಾರು ಸೂಜಿಯನ್ನು ಇಳಿಸುತ್ತದೆ. ಗಾಲಿಯು ಜುಂಗಿನ ಮೇಲೆ ಉರುಳದೆ ಜಾರಿದರೆ ಎಣಿಕೆ ಕಡಮೆಯಾಗಿ ಹೊಲಿಗೆ ಉದ್ದವಾಗುತ್ತದೆ. ಉದ್ದನೆಯ ದಿಕ್ಕಿಗೊಂದು, ಅಡ್ಡದಿಕ್ಕಿಗೊಂದು ಗಾಲಿಯಿರುವುದರಿಂದ ಇಲ್ಲಿಯೂ ದಿಕ್ಕೇ ಸಾಕ್ಷಿ. ಅಡ್ಡಡ್ಡ ಹೋಗುವಾಗ ಮಾತ್ರ ಹೊಲಿಗೆ ಹಿಗ್ಗಿದರೆ ಆ ಒಂದು ಗಾಲಿಯನ್ನೂ ಅದರ ಹಳಿಯನ್ನೂ ಒರಸಿ ನೋಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಷ್ಟೆಲ್ಲ ಕಾರಣಗಳಿರುವಾಗ ಹುಡುಕುವುದು ಹೇಗೆ? ಹೊಲಿಗೆ ಕೆಟ್ಟೊಡನೆ ಸೂಜಿಯನ್ನೂ ಬದಲಿಸಿ, ತಿರುಪನ್ನೂ ತಿರುಗಿಸಿ, ನೂಲನ್ನೂ ಮಾರ್ಪಡಿಸಿದವನಿಗೆ ಹೊಲಿಗೆ ಸರಿಯಾದರೂ ಕಾರಣ ತಿಳಿಯುವುದಿಲ್ಲ. ನಾಳೆ ಅದೇ ದೋಷ ಬಂದಾಗ ಅವನು ಇಂದಿನಷ್ಟೇ ಅಸಹಾಯಕ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯ ನಿಯಮ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಂಚಿನ ಚೂರುಬಟ್ಟೆಯ ಮೇಲೆ ಒಂದು ಗೇಣು ಹೊಲಿದು, ಎರಡು ಮಗ್ಗುಲನ್ನೂ ನೋಡಬೇಕು. ಸುಲಭವಾದುದು, ಅಗ್ಗವಾದುದು ಮೊದಲು: ಮರಳಿ ಪೋಣಿಸುವುದು, ಜುಂಗನ್ನು ತೆಗೆಯುವುದು, ಹೊಸ ಸೂಜಿ, ಬಾಬಿನ್ನಿನ ಪರೀಕ್ಷೆ, ಮೇಲಿನ ತಿರುಪು, ಚೌಕಟ್ಟಿನ ಹದ. ಕೊಕ್ಕೆಯ ಕಾಲಮೇಳವನ್ನು ಹೊಂದಿಸುವ ಮಾತು ತೀರ ಕೊನೆಗೆ. ಏಕೆಂದರೆ ಸರಿಯಾಗಿದ್ದುದನ್ನು ಒಮ್ಮೆ ಕದಲಿಸಿದರೆ, ಒಂದಿದ್ದ ದೋಷ ಎರಡಾಗುತ್ತದೆ.

ಕೌದಿ ಹೊಲಿಯುವ ಅಜ್ಜಿಗೆ ಈ ನಿಯಮಗಳು ಬೇಕಿಲ್ಲ. ಅವಳ ಬೆರಳು ಬಟ್ಟೆಯ ಕೆಳಗಿನ ಸಮಾಚಾರವನ್ನು ಹೊಲಿಗೆ ಹೊಲಿಗೆಗೂ ತಿಳಿಸುತ್ತಿರುತ್ತದೆ. ಯಂತ್ರವು ನಮಗೆ ಬೇಕಾದಷ್ಟು ವೇಗವನ್ನು ಕೊಟ್ಟಿತು, ಆದರೆ ಆ ಬೆರಳನ್ನು ಕಸಿದುಕೊಂಡಿತು. ಕಳೆದುಹೋದ ಸ್ಪರ್ಶದ ಸ್ಥಾನವನ್ನು ಈಗ ತಿಳಿವಳಿಕೆಯೇ ತುಂಬಬೇಕು. ಕೆಟ್ಟ ಹೊಲಿಗೆಯನ್ನು ಕಂಡು ಬೇಸರಪಡುವ ಮೊದಲು ಅದು ಏನು ಹೇಳುತ್ತಿದೆಯೆಂದು ಕೇಳಿದರೆ, ಕಣ್ಣಿಗೆ ಕಾಣದೆ ಬಟ್ಟೆಯ ಕೆಳಗೆ ನಡೆಯುತ್ತಿರುವುದನ್ನು ಅದು ತಪ್ಪದೆ ತಿಳಿಸುತ್ತದೆ.